ಗಾಳ ಹಾಕುವವರ ಪ್ರಶ್ನೆಗಳು: ತುಂಗಭದ್ರೆ, ವರದೆ, ಮಲಪ್ರಭೆಯ ದಂಡೆಯಿಂದ

ಕಳೆದ ಸಂಚಿಕೆಯಲ್ಲಿ ಹೊಳೆ ದಂಡೆಯ ಒಂದು ಭಾನುವಾರದ ಬಗ್ಗೆ ಬರೆದು, ಗಾಳ ಹಾಕುವ ಹವ್ಯಾಸ ಇರುವವರು ಏನು ಬೇಕಾದರೂ ಕೇಳಿ ಅಂದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾವೇರಿ, ಗದಗ, ಧಾರವಾಡ ಮೂರೂ ಜಿಲ್ಲೆಯಿಂದ ಬಂದಿವೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿದ್ದೇನೆ, ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ. ಮಳೆಗಾಲದ ಮೀನಿನ ಬಗ್ಗೆ ರಾಣೆಬೆನ್ನೂರಿನಿಂದ ಬಂದ ಪ್ರಶ್ನೆಗೆ ಉತ್ತರ ಉದ್ದ ಆಗಿದೆ. ಬೇರೆ ಯಾವುದನ್ನು ಬಿಟ್ಟರೂ ಅದನ್ನು ಬಿಡಬೇಡಿ.

ಸರ್, ಆನ್‌ಲೈನಿನಲ್ಲಿ ನಾಲ್ಕು ಸಾವಿರ ಕೊಟ್ಟು ರಾಡ್, ರೀಲ್ ತರಿಸಿದೆ. ಮೂರು ಭಾನುವಾರ ಚೌಡಯ್ಯದಾನಪುರದ ಕಡೆ ತುಂಗಭದ್ರೆ ದಂಡೆಯಲ್ಲಿ ಕುಳಿತೆ. ಒಂದು ಮೀನೂ ಬೀಳಲಿಲ್ಲ. ಪಕ್ಕದಲ್ಲಿ ಒಬ್ಬ ಅಜ್ಜ ಬಿದಿರಿನ ಗಳ ಹಿಡಿದು ಕೂತು ಏಳೆಂಟು ಹಿಡಿದರು. ನಾನು ಎಲ್ಲಿ ತಪ್ಪಿದೆ?
– ಹುಬ್ಬಳ್ಳಿ

ನಿಮ್ಮ ರಾಡಿನಲ್ಲಿ ದೋಷ ಇಲ್ಲ. ನೀವು ಪತ್ರದಲ್ಲಿ ರಾಡಿನ ಉದ್ದ ಬರೆದಿದ್ದೀರಿ, ದಾರದ ದಪ್ಪ ಬರೆದಿದ್ದೀರಿ, ಆದರೆ ಯಾವ ಮೀನಿಗೆ ಗಾಳ ಹಾಕಿದ್ದೆ ಅಂತ ಬರೆದಿಲ್ಲ. ತೊಡಕು ಅಲ್ಲೇ ಇದೆ.

ಮುಂದಿನ ಸಲ ಮೀನು ಮಾರ್ಕೆಟ್ಟಿಗೆ ಹೋದಾಗ ರೇಟು ಕೇಳುವ ಮುಂಚೆ ಮೀನಿನ ಬಾಯಿ ನೋಡಿ. ಕಾಟ್ಲಾ ಮೀನಿಗೆ ತಲೆ ದೊಡ್ಡದು, ಕೆಳದವಡೆ ಮುಂದೆ ಚಾಚಿ ಮೇಲಕ್ಕೆ ತಿರುಗಿರುತ್ತದೆ. ಅದು ನೀರಿನ ಮೇಲ್ಭಾಗದಲ್ಲಿ ಮೇಯುವ ಮೀನು. ರೋಹುವಿನ ಬಾಯಿ ಸ್ವಲ್ಪ ಕೆಳಗೆ ಬಾಗಿದೆ, ತುಟಿಗೆ ಸಣ್ಣ ಜಾಲರಿ ಇದ್ದ ಹಾಗಿದೆ, ಅದು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರು ಕೆದಕಿ ತಿನ್ನುವವು. ಬಾಳೆ ಮೀನಿನ ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿದೆ, ಒಳಗೆ ಸಾಲು ಸಾಲು ಹಲ್ಲು. ಅದು ಹಿಟ್ಟಿನ ಉಂಡೆ ಮೂಸಿಯೂ ನೋಡುವುದಿಲ್ಲ, ಅದಕ್ಕೆ ಸಣ್ಣ ಮೀನೇ ಬೇಕು. ಬೇಟೆಗೆ ಹೊರಡುವುದೂ ಸಂಜೆ ಕತ್ತಲಾದ ಮೇಲೆ. ಈಗ ಯೋಚಿಸಿ, ತಳದಲ್ಲಿ ಮೇಯುವ ಮೀನು ಇರುವ ಕಡೆ ನಿಮ್ಮ ಉಂಡೆ ಮೂರಡಿ ಮೇಲೆ ತೂಗಾಡುತ್ತಿದ್ದರೆ ಅದು ಯಾಕೆ ಬಂದು ಕಚ್ಚಬೇಕು?

ಹಾಗಾಗಿ ಮೊದಲು ಆಳ ಅಳೆಯಿರಿ. ಗಾಳಕ್ಕೆ ಒಂದು ಸೀಸದ ಗುಂಡು ಕಟ್ಟಿ ಬಿಡಿ, ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಡುವ ಬೆಂಡು ಮುಳುಗಿದರೆ ದಾರ ಗಿಡ್ಡ, ಅಡ್ಡ ಮಲಗಿದರೆ ಉದ್ದ. ನಾಲ್ಕು ಸಲ ಸರಿಸಿದರೆ ಅಂದಾಜು ಸಿಗುತ್ತದೆ. ಆಮೇಲೆ ಮೇವು. ನಮ್ಮ ಕಡೆ ಜೋಳದ ಹಿಟ್ಟಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬಿಸಿ ನೀರಲ್ಲಿ ರೊಟ್ಟಿಗೆ ಕಲಸುವ ಹಾಗೆಯೇ ಕಲಸಿ, ಅದಕ್ಕೆ ಪುಡಿ ಮಾಡಿದ ಶೇಂಗಾ ಹಿಂಡಿ ಸೇರಿಸಿ, ಜೊತೆಗೆ ಒಂದು ಹಿಡಿ ಗೋಧಿ ಹಿಟ್ಟು ಹಾಕಿ ನಾದಬೇಕು. ಬರೀ ಜೋಳ ನೀರಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ, ಗೋಧಿ ಅದನ್ನು ಹಿಡಿದಿಡುತ್ತದೆ. ಮೊದಲು ನಾಲ್ಕೈದು ಉಂಡೆ ಗಾಳ ಇಲ್ಲದೆ ಹಾಗೇ ಒಂದೇ ಜಾಗಕ್ಕೆ ಎಸೆದು ಅರ್ಧ ಗಂಟೆ ಸುಮ್ನೆ ಕೂತಿರಿ.

ಮತ್ತೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಜೊತೆಗೆ ಗೆಳೆಯರಿದ್ದರು, ಸ್ಪೀಕರಿನಲ್ಲಿ ಹಾಡು ಹಾಕಿದ್ದೆವು ಅಂತ ನೀವೇ ಬರೆದಿದ್ದೀರಿ. ಮೀನಿನ ಮೈಯ ಎರಡೂ ಬದಿಗೆ ಒಂದು ಗೆರೆ ಇರುತ್ತದೆ, ನೀರಿನ ಅಲುಗಾಟವನ್ನು ಅದು ಆ ಗೆರೆಯಿಂದಲೇ ತಿಳಿಯುತ್ತದೆ. ದಂಡೆಯಲ್ಲಿ ಧಡಧಡ ನಡೆದರೂ ಅದಕ್ಕೆ ಗೊತ್ತಾಗುತ್ತದೆ. ನಾನು ಕಲಿಯುವಾಗ ಗಳಗನಾಥದ ಹತ್ತಿರ, ವರದೆ ಬಂದು ತುಂಗಭದ್ರೆಗೆ ಸೇರುವಲ್ಲಿ, ಒಬ್ಬ ಅಂಬಿಗರ ಹಿರಿಯರು ನನ್ನನ್ನು ಒಂದು ಗಂಟೆ ನೋಡಿ ಹೇಳಿದ್ದರು: "ತಮ್ಮಾ, ನೀ ಹೊಳಿ ನೋಡಾಕತ್ತಿಲ್ಲ, ಬರೇ ಗಳಾ ನೋಡಾಕತ್ತೀದಿ." ಆಮೇಲೆ ಅವರೇ ತೋರಿಸಿದರು. ಜೋರಾಗಿ ಹರಿಯುವ ನೀರು, ನಿಧಾನದ ನೀರು ಎರಡೂ ಕೂಡುವಲ್ಲಿ ಒಂದು ತೆಳು ಗೆರೆ ಕಾಣುತ್ತದೆ. ಬಂಡೆಯ ಹಿಂದೆಯೂ ಕಾಣುತ್ತದೆ. ಮೀನು ಆ ಗೆರೆಯ ಒಳಬದಿ, ನಿಧಾನದ ನೀರಲ್ಲಿ ನಿಂತು ಹೊಳೆ ಹೊತ್ತು ತರುವುದನ್ನು ಕಾಯುತ್ತದೆ. ಗಾಳ ಬೀಳಬೇಕಾದ್ದು ಅಲ್ಲಿ.

ಕೊನೆಗೆ ಬೆಂಡಿನ ಭಾಷೆ. ಜಿಲೇಬಿ ಮೀನು ಕಚ್ಚಿದರೆ ಬೆಂಡು ಟುಕ್ ಟುಕ್ ಅಂತ ನಡುಗುತ್ತದೆ. ರೋಹು ಎಳೆದರೆ ಓರೆಯಾಗಿ ಒಳಗೆ ಜಾರುತ್ತದೆ. ತಳದ ಮೀನು ಉಂಡೆ ಎತ್ತಿಕೊಂಡರೆ ಮುಳುಗುವ ಬದಲು ಬೆಂಡು ಮೇಲೆದ್ದು ಅಡ್ಡ ಬೀಳುತ್ತದೆ, ಯಾಕೆಂದರೆ ಸೀಸದ ಭಾರ ಅಷ್ಟು ಹೊತ್ತು ಮೀನಿನ ಬಾಯಲ್ಲಿರುತ್ತದೆ. ಹೊಸಬರು ಇದನ್ನು ಗಾಳಿ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಿಮ್ಮ ಮೂರು ಭಾನುವಾರದಲ್ಲಿ ಒಂದೆರಡು ಸಲವಾದರೂ ಹೀಗೆ ಆಗಿರಬೇಕು. ದಸರೆ ಕಳೆದು ನೀರು ತಿಳಿಯಾದ ಮೇಲೆ ಮತ್ತೆ ಹೋಗಿ, ನಸುಕಿನಲ್ಲಿ. ಸಾಧ್ಯವಾದರೆ ಅದೇ ಅಜ್ಜನ ಹತ್ತಿರ ಕೇಳಿಕೊಂಡು ಕೂತುಕೊಳ್ಳಿ.

ಅಣ್ಣಾ, ಹೊಳೆಯಲ್ಲಿ ಗಾಳ ಹಾಕಲು ಲೈಸೆನ್ಸ್ ಬೇಕಾ? ಊರ ಕೆರೆಯಲ್ಲಿ ಗಾಳ ಹಾಕಿದ್ದಕ್ಕೆ ಸೊಸೈಟಿಯವರು ಗಳ ಕಸಿದುಕೊಂಡರು. ನೀರು ಎಲ್ಲರದ್ದೂ ಅಲ್ವಾ?
– ಗುತ್ತಲ

ನೀರು ಎಲ್ಲರದ್ದು, ಸರಿ. ಕೆರೆಯ ಮೀನು ಮಾತ್ರ ಎಲ್ಲರದ್ದಲ್ಲ. ನಮ್ಮಲ್ಲಿ ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದ್ದು, ಸಣ್ಣ ಕೆರೆಗಳದ್ದು ಗ್ರಾಮ ಪಂಚಾಯ್ತಿಯದ್ದು. ಅವರು ಅದನ್ನು ಗುತ್ತಿಗೆ ಕೊಡುತ್ತಾರೆ, ಹೆಚ್ಚಾಗಿ ಮೀನುಗಾರರ ಸಹಕಾರ ಸಂಘಕ್ಕೆ. ಸಂಘದವರು ಮಳೆಗಾಲದಲ್ಲಿ ದುಡ್ಡು ಕೊಟ್ಟು ಮರಿ ತಂದು ಬಿಡುತ್ತಾರೆ, ಬೆರಳುದ್ದದ ಮರಿ. ಅದು ಒಂದು ಕಿಲೋ ಆಗುವವರೆಗೆ ಕಾಯುತ್ತಾರೆ. ಅಂದರೆ ಅದು ಹೊಲದಲ್ಲಿ ನಿಂತ ಪೈರಿದ್ದ ಹಾಗೆ. ನಿಮ್ಮ ಹೊಲದ ಶೇಂಗಾ ಯಾರಾದರೂ ಬಂದು ಸುಮ್ನೆ ಹವ್ಯಾಸಕ್ಕೆ ಅಂತ ಕಿತ್ತರೆ ನೀವು ಒಪ್ಪುತ್ತೀರಾ ತಮ್ಮಾ? ಗಳ ಕಸಿದುಕೊಂಡದ್ದು ಜೋರಾಯಿತು, ಒಪ್ಪುತ್ತೇನೆ. ಆದರೆ ಹೋಗಿ ಮಾತಾಡಿ. ಕೆಲವು ಕಡೆ ಸಣ್ಣ ಮೊತ್ತ ತೆಗೆದುಕೊಂಡು ದಿನಕ್ಕೆ ಇಷ್ಟೇ ಮೀನು ಅಂತ ಬಿಡುತ್ತಾರೆ.

ಹೊಳೆಯ ವಿಷಯ ಬೇರೆ. ಅಲ್ಲಿ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಅನ್ವಯಿಸುತ್ತದೆ, ಮೀನು ಹಿಡಿಯಲು ಪರವಾನಗಿ ಪದ್ಧತಿ ಇದೆ. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ಕೇಳಿ. ಯಾವ ತಿಂಗಳು ನಿಷೇಧ, ಯಾವ ಭಾಗ ಬೇಡ, ಎಲ್ಲ ಅಲ್ಲೇ ಹೇಳುತ್ತಾರೆ. ಒಂದು ಗಂಟೆಯ ಕೆಲಸ. ಮಾಡಿಕೊಂಡರೆ ಯಾರ ಮುಂದೆಯೂ ತಲೆ ತಗ್ಗಿಸುವ ಪ್ರಸಂಗ ಬರುವುದಿಲ್ಲ.

ತೋಟೆ ಹಾಕಿ ಮೀನು ಹಿಡಿಯುವವರ ಬಗ್ಗೆಯೂ ಬರೆದಿದ್ದೀರಿ. ಸಿಡಿಮದ್ದು ಸಿಡಿಸುವುದು, ನೀರಿಗೆ ವಿಷ ಹಾಕುವುದು ಎರಡನ್ನೂ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ ಅಂತ ಬರೆದಿದ್ದಾರೆ. ಬ್ರಿಟಿಷರ ಕಾಲದಿಂದ ತಪ್ಪು ಅಂತ ಗೊತ್ತಿದ್ದೂ ಇನ್ನೂ ನಡೆಯುತ್ತಿದೆ. ತೋಟೆ ಬಿದ್ದ ಮಡುವಿನಲ್ಲಿ ತೇಲುವುದು ಸ್ವಲ್ಪ ಮೀನು ಮಾತ್ರ. ಎಷ್ಟೋ ಮೀನು ಗಾಳಿಚೀಲ ಒಡೆದು ತಳಕ್ಕೆ ಹೋಗಿ ಕೊಳೆಯುತ್ತವೆ, ಮರಿಗಳಂತೂ ಒಂದೂ ಉಳಿಯುವುದಿಲ್ಲ. ಕಂಡರೆ ಪೊಲೀಸರಿಗೆ ಫೋನ್ ಮಾಡಿ. ನೀವೇ ಹೋಗಿ ಜಗಳಕ್ಕೆ ನಿಲ್ಲಬೇಡಿ.

ನನ್ನ ಮಗನಿಗೆ 12 ವರ್ಷ. ಹೊಸರಿತ್ತಿಯಲ್ಲಿ ನಮ್ಮ ತವರು ಮನೆ. ರಜೆಗೆ ಹೋದಾಗ ವರದಾ ಹೊಳೆಗೆ ಗಾಳ ತಗೊಂಡು ಹೋಗ್ತೀನಿ ಅಂತ ಹಟ ಮಾಡ್ತಾನೆ. ನನಗೆ ಜೀವ ಬಾಯಿಗೆ ಬರುತ್ತೆ. ಕಳಿಸಬಹುದಾ?
– ಹಾವೇರಿ

ಅಕ್ಕಾ, ಕಳಿಸಿ. ಆದರೆ ಒಬ್ಬನನ್ನೇ ಅಲ್ಲ. ಅವನ ಮಾವನೋ ಅಜ್ಜನೋ ಜೊತೆಗಿರಲಿ. ಈಜು ಬರುವ ದೊಡ್ಡವರೊಬ್ಬರು ಇಲ್ಲದೆ ಮಕ್ಕಳು ಹೊಳೆಗೆ ಇಳಿಯಲೇಬಾರದು, ಈ ವಿಷಯದಲ್ಲಿ ಸಡಿಲ ಬಿಡಬೇಡಿ.

ನಮ್ಮ ಹೊಳೆಗಳಲ್ಲಿ ಅಪಾಯ ಎಲ್ಲಿಂದ ಬರುತ್ತದೆ ಅಂತ ಊರಿನವರಿಗೂ ಎಷ್ಟೋ ಸಲ ಅಂದಾಜು ಇರುವುದಿಲ್ಲ. ವರದೆ ಹುಟ್ಟುವುದು ಸಾಗರದ ಹತ್ತಿರ ವರದಾಮೂಲದಲ್ಲಿ. ಅಲ್ಲಿ, ಸೊರಬದಲ್ಲಿ, ಬನವಾಸಿಯ ಸುತ್ತ ಜೋರು ಮಳೆಯಾದರೆ ಇಲ್ಲಿ ನೀರು ಏರುತ್ತದೆ, ಇಲ್ಲಿ ಬಿಸಿಲೇ ಇರಬಹುದು. ತುಂಗಭದ್ರೆಯೂ ಹಾಗೇ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ, ಗಾಜನೂರಿನಿಂದ ನೀರು ಬಿಟ್ಟರೆ ಹಾವೇರಿ ಜಿಲ್ಲೆಯ ದಂಡೆಯಲ್ಲಿ ಮೋಡ ಇಲ್ಲದ ದಿನವೂ ಹೊಳೆ ತುಂಬುತ್ತದೆ. ಹಾಗಾಗಿ ಜೂನಿನಿಂದ ಅಕ್ಟೋಬರ್‌ವರೆಗೆ ಹೊಳೆ ಮಧ್ಯದ ಬಂಡೆ ಮೇಲೆ, ಮರಳ ದಿಬ್ಬದ ಮೇಲೆ ಕೂರುವುದು ಬೇಡವೇ ಬೇಡ. ದಂಡೆಯ ಒಂದು ಕಲ್ಲಿಗೆ ನೀರಿನ ಮಟ್ಟ ಗುರುತು ಮಾಡಿಸಿ. ಅದು ಮುಚ್ಚಿತು ಅಂದರೆ ಎದ್ದು ಬರುವುದು, ಮೀನು ಕಚ್ಚುತ್ತಿದ್ದರೂ ಸರಿ.

ಬೇಸಿಗೆಯಲ್ಲಿ ಇನ್ನೊಂದು ಅಪಾಯ. ಮರಳು ತೆಗೆದ ಗುಂಡಿಗಳು. ಮೊಣಕಾಲುದ್ದ ನೀರಿದೆ ಅಂತ ನಡೆಯುತ್ತಾ ಹೋದರೆ ಒಮ್ಮೆಲೇ ಎರಡಾಳು ಆಳ. ಮತ್ತೆ ಮೊಸಳೆ. ತುಂಗಭದ್ರೆಯಲ್ಲೂ ವರದೆಯಲ್ಲೂ ಮೊಸಳೆಗಳಿವೆ. ಊರಿನವರು ಬಟ್ಟೆ ಒಗೆಯಲು ಯಾವ ಕಡೆ ಇಳಿಯುವುದಿಲ್ಲವೋ ಆ ಕಡೆ ನೀವೂ ಹೋಗಬೇಡಿ. ದಂಡೆಯಲ್ಲಿ ಕೂರುವಾಗ ನೀರಿನ ಅಂಚಿನಿಂದ ಎರಡು ಮೂರು ಮಾರು ಹಿಂದೆ ಕೂರಿಸಿ. ಮೀನು ಸ್ವಚ್ಛ ಮಾಡಿ ಕರುಳು, ಪೊರೆ ಅಲ್ಲೇ ಎಸೆಯುವ ಅಭ್ಯಾಸ ಬಿಡಿಸಿ.

ಇನ್ನು ಸಣ್ಣ ಗಾಯಗಳು. ಚೇಳು ಮೀನಿನ ಎರಡೂ ಪಕ್ಕದ ರೆಕ್ಕೆಯಲ್ಲಿ ಒಂದೊಂದು ವಿಷದ ಮುಳ್ಳಿರುತ್ತದೆ, ಚುಚ್ಚಿದರೆ ಹೆಸರಿಗೆ ತಕ್ಕ ಹಾಗೆ ಚೇಳು ಕುಟುಕಿದಷ್ಟೇ ನೋವು. ಚರ್ಮ ಸುಡದಷ್ಟು, ತಡೆದುಕೊಳ್ಳುವಷ್ಟು ಬಿಸಿಯ ನೀರಲ್ಲಿ ಆ ಕೈ ಅರ್ಧ ಗಂಟೆಯಾದರೂ ಇಟ್ಟರೆ ನೋವು ಇಳಿಯುತ್ತದೆ, ಆ ವಿಷ ಬಿಸಿಗೆ ಕೆಡುವ ಜಾತಿಯದು. ಆಮೇಲೆ ಡಾಕ್ಟರ ಹತ್ತಿರ ಹೋಗಿ. ಗಾಳ ಬೆರಳಿಗೆ ಆಳವಾಗಿ ನೆಟ್ಟರೆ ಎಳೆಯಬೇಡಿ, ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಮರುಮುಳ್ಳು ಮಾಂಸ ಕೀಳುತ್ತದೆ. ದಾರ ಕತ್ತರಿಸಿ ಹಾಗೇ ಆಸ್ಪತ್ರೆಗೆ ಕರೆದೊಯ್ದು ತೆಗೆಸಿ, ಟಿಟಿ ಇಂಜೆಕ್ಷನ್ ಹಾಕಿಸಿ. ಹೋಗುವ ಮುಂಚೆಯೇ ಇಕ್ಕಳದಿಂದ ಆ ಮರುಮುಳ್ಳನ್ನು ಅದುಮಿ ಚಪ್ಪಟೆ ಮಾಡಿಕೊಟ್ಟರೆ ಇನ್ನೂ ಒಳ್ಳೆಯದು. ಮೀನು ಒಂದೆರಡು ತಪ್ಪಿಸಿಕೊಳ್ಳಬಹುದು. ಹುಡುಗನಿಗೆ ಗಾಯ ಆಗುವುದು ತಪ್ಪುತ್ತದೆ.

ಜೂನಿನ ಮೊದಲ ದೊಡ್ಡ ಮಳೆಗೆ ಕುಮುದ್ವತಿ ಕಡೆಯ ಹಳ್ಳಗಳಿಗೆ ಮೀನು ಹಿಂಡು ಹಿಂಡಾಗಿ ಹತ್ತುತ್ತವೆ. ಬುಟ್ಟಿ, ಸೀರೆ, ಬರಿಗೈ, ಯಾವುದರಲ್ಲಾದರೂ ಹಿಡೀಬಹುದು. ನಮ್ಮ ಅಜ್ಜನ ಕಾಲದಿಂದ ಊರಿಗೆ ಊರೇ ಹಿಡಿಯುತ್ತೆ. ಈಗ ಕೆಲವರು ಹಿಡೀಬೇಡಿ ಅಂತಾರೆ. ನಿಮ್ಮ ಅಭಿಪ್ರಾಯ?
– ರಾಣೆಬೆನ್ನೂರು

ಹಿಡಿಯಬೇಡಿ. ನಾನೂ ಹಿಡಿದವನೇ, ಅದಕ್ಕೇ ಹೇಳುತ್ತಿದ್ದೇನೆ.

ಮಲೆನಾಡಿನವರು ಇದಕ್ಕೆ ಹತ್ತುಮೀನು ಅನ್ನುತ್ತಾರೆ. ಮಾತು ಸರಿಯಾಗಿದೆ, ಮೀನು ನಿಜಕ್ಕೂ ಹತ್ತುತ್ತದೆ. ಯಾಕೆ ಹತ್ತುತ್ತದೆ? ಮೊಟ್ಟೆ ಇಡಲು. ಗೆಂಡೆ ಜಾತಿಯ ಎಷ್ಟೋ ಮೀನು ನಿಂತ ನೀರಲ್ಲಿ ಮೊಟ್ಟೆ ಇಡುವುದಿಲ್ಲ. ಹೊಸ ಮಳೆಯ ಕೆಂಪು ನೀರು, ಹರಿವು, ತಂಪು, ಹೊಸದಾಗಿ ಮುಳುಗಿದ ಹುಲ್ಲು, ಇಷ್ಟೂ ಕೂಡಿ ಬಂದಾಗ ಮಾತ್ರ ಅವು ಹೊಳೆ ಬಿಟ್ಟು ಹಳ್ಳಕ್ಕೆ ಏರುತ್ತವೆ. ರೋಹು, ಕಾಟ್ಲಾ, ಮೃಗಾಲ್‌ಗಳದ್ದೂ ಇದೇ ಸ್ವಭಾವ. ಇವು ಮೂಲದಲ್ಲಿ ಗಂಗಾ ಬಯಲಿನ ಮೀನು, ನಮ್ಮ ಕಡೆಗೆ ತಂದು ಬಿಟ್ಟಿದ್ದು. ಕೊಳದಲ್ಲಿ ಎಷ್ಟು ವರ್ಷ ಸಾಕಿದರೂ ಮರಿ ಹಾಕುತ್ತಿರಲಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸಿದ ಮೇಲೆಯೇ ಕೆರೆಗಳಿಗೆ ಮರಿ ಸಿಗುವುದು ಸುಲಭ ಆಯಿತು. ಈಗಲೂ ಜುಲೈ 10 ಮೀನು ಕೃಷಿಕರ ದಿನ. ಅಂದರೆ ಮೀನಿಗೆ ಆ ಹರಿಯುವ ನೀರು ಅಷ್ಟು ಮುಖ್ಯ.

ನನಗೆ ಹತ್ತೊಂಬತ್ತು ವಯಸ್ಸು ಇದ್ದಾಗ ನಮ್ಮೂರ ಹಳ್ಳದಲ್ಲಿ ಹೀಗೇ ಒಂದು ಮುಂಜಾನೆ ಸಿಕ್ಕಿತು. ರಾತ್ರಿಯೆಲ್ಲ ಮಳೆ. ಪಾದ ಮುಳುಗುವಷ್ಟು ನೀರಿನಲ್ಲಿ ಮೀನುಗಳು ಬೆನ್ನು ಹೊರಗೆ ಹಾಕಿ ಕಲ್ಲಿನ ಮೇಲೆ ಉಜ್ಜಿಕೊಂಡು ಏರುತ್ತಿದ್ದವು, ಓಡಿ ಹೋಗುವ ಪ್ರಯತ್ನವನ್ನೂ ಮಾಡುತ್ತಿರಲಿಲ್ಲ. ಒಂದನ್ನು ಎರಡೂ ಕೈಯಲ್ಲಿ ಅಪ್ಪಿ ಎತ್ತಿದೆ. ಹೊಟ್ಟೆ ಮೆತ್ತಗೆ, ಬಿಗಿಯಾಗಿತ್ತು. ಮನೆಯಲ್ಲಿ ಅವ್ವ ಈಳಿಗೆ ಮಣೆ ಮೇಲೆ ಅದನ್ನು ಸೀಳಿದಾಗ ಎರಡು ಹಳದಿ ಚೀಲ ಜಾರಿ ತಟ್ಟೆಗೆ ಬಿದ್ದವು. ಉದ್ದಕ್ಕೆ, ನನ್ನ ಅಂಗೈಗಿಂತ ದೊಡ್ಡವು. ತೆಳು ಪೊರೆಯ ಒಳಗೆ ಸಾಸಿವೆ ತುಂಬಿಟ್ಟ ಹಾಗೆ. ಒಂದು ಕಡೆ ಪೊರೆ ಒಡೆದು ಕಾಳು ಕಾಳಾಗಿ ತಟ್ಟೆಯ ತುಂಬಾ ಹರಡಿತು. ಅವ್ವ ಕೈ ತೆಗೆದುಬಿಟ್ಟಳು. "ಬಸುರಿನ ಯಾಕ್ ತಂದಿ?" ಅಂದಳು. ಅಷ್ಟೇ ಅಂದಿದ್ದು. ಅವತ್ತು ಮನೆಯಲ್ಲಿ ಯಾರೂ ಮೀನು ತಿನ್ನಲಿಲ್ಲ.

ಲೆಕ್ಕ ಹೇಳುತ್ತೇನೆ. ರೋಹು ಮೀನು ಒಂದು ಕಿಲೋ ತೂಕಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅದರಲ್ಲಿ ದೊಡ್ಡದಾಗಿ ಬೆಳೆಯುವುದು ಕೆಲವೇ ಕೆಲವು, ಆದರೂ ಆ ಕೆಲವು ಬೇಕಲ್ಲ. ಆ ಮೊಟ್ಟೆ ಒಂದು ದಿನದೊಳಗೇ ಒಡೆದು ಮರಿಯಾಗುತ್ತದೆ. ನೀವು ಆ ಮೀನನ್ನು ಒಂದೇ ಒಂದು ವಾರ ಬಿಟ್ಟರೆ ಸಾಕು, ಅದರ ಕೆಲಸ ಮುಗಿದಿರುತ್ತದೆ, ತಾನಾಗಿಯೇ ಹೊಳೆಗೆ ವಾಪಸ್ ಇಳಿಯುತ್ತದೆ. ಆಮೇಲೆ ಗಾಳಕ್ಕೆ ಬಿದ್ದರೆ ಹಿಡಿಯಿರಿ, ಯಾರು ಬೇಡ ಅಂದರು?

ಅಜ್ಜನ ಕಾಲದಲ್ಲಿ ಹಿಡಿಯುತ್ತಿದ್ದರು ನಿಜ. ಆಗ ಹಳ್ಳಗಳು ಜಾಸ್ತಿ, ಮೀನು ಜಾಸ್ತಿ, ಹಿಡಿಯುವವರು ಊರಿನವರಷ್ಟೇ. ಈಗ ಒಂದು ವಿಡಿಯೊ ಹಾಕಿದರೆ ಮಧ್ಯಾಹ್ನದೊಳಗೆ ನಲವತ್ತು ಬೈಕು ಬರುತ್ತವೆ. ಹೊಳೆಯೂ ಆಗಿನ ಹಾಗಿಲ್ಲ. ಹೊಸಪೇಟೆಯ ಅಣೆಕಟ್ಟು 1953ರಲ್ಲಿ ಬಂತು, ಅದರ ಕೆಳಗಿನ ಮೀನಿಗೆ ಮೇಲೆ ಬರುವ ದಾರಿಯೇ ಮುಚ್ಚಿತು. ಅಣೆಕಟ್ಟಿನ ಹಿನ್ನೀರಿನಲ್ಲಿ ಬೆಳೆದ ಮೀನು ಮೇಲೆ ಬರಬೇಕೆಂದರೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬ್ಯಾರೇಜು ಅಡ್ಡ. ಅಷ್ಟನ್ನೂ ದಾಟಿಯೋ, ಮಧ್ಯದ ಮಡುಗಳಲ್ಲಿ ಬೇಸಿಗೆಯನ್ನು ಹೇಗೋ ಕಳೆದೋ, ಬದುಕಿ ಉಳಿದದ್ದು ನಿಮ್ಮ ಹಳ್ಳದ ಬಾಯಿಗೆ ಬಂದು ನಿಂತಿರುತ್ತದೆ. ಅದನ್ನು ಅಲ್ಲಿ ಕೋಲಿನಿಂದ ಹೊಡೆಯುವುದು ನನ್ನ ಮಟ್ಟಿಗೆ ಮೀನು ಹಿಡಿಯುವುದೇ ಅಲ್ಲ. ಗಾಳಕ್ಕೆ ಬರಬೇಕಾದರೆ ಮೀನಿಗೆ ಹಸಿವು ಇರಬೇಕು, ನಿಮಗೆ ಕಾಯುವ ತಾಳ್ಮೆ ಇರಬೇಕು. ಇಲ್ಲಿ ಎರಡೂ ಇಲ್ಲ.

ನಿಮ್ಮೂರಿನಲ್ಲಿ ಹತ್ತು ಹುಡುಗರು ಸೇರಿ ಆ ಒಂದು ವಾರ ಹಳ್ಳ ಕಾದರೆ ಎಷ್ಟು ಚೆಂದ. ಇಲಾಖೆಯವರೂ ಈ ಕಾಲದಲ್ಲಿ ನಿಷೇಧ ಹಾಕುತ್ತಾರೆ, ಆದರೆ ಹಳ್ಳ ಹಳ್ಳಕ್ಕೆ ಬಂದು ನಿಲ್ಲಲು ಅವರಿಗೆ ಜನ ಎಲ್ಲಿದ್ದಾರೆ?

ಮುಂಡರಗಿ ಹತ್ತಿರ ಹಿನ್ನೀರಿನ ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಒಂದು ಗುಂಪು ಕುದಿಯುವ ಹಾಗೆ ಅಲುಗಾಡುತ್ತಿತ್ತು. ಕಪ್ಪೆ ಕಟ್ಟಿ ಹಾಕಿದೆ, ದೊಡ್ಡ ಕೊರವ ಒಮ್ಮೆಗೇ ಬಂದು ಕಚ್ಚಿತು. ಇದು ಒಳ್ಳೆ ಉಪಾಯ ಅಲ್ವಾ?
– ಮುಂಡರಗಿ

ಅಲ್ಲ ತಮ್ಮಾ. ಆ ಕೆಂಪು ಗುಂಪು ಅದರ ಮರಿಗಳು. ಕೊರವ ಮೀನು ಮರಿ ಕಾಯುತ್ತದೆ, ಗುಂಪಿನ ಕೆಳಗೇ ನಿಂತಿರುತ್ತದೆ. ನಿಮ್ಮ ಕಪ್ಪೆಯನ್ನು ಅದು ಹಸಿವಿಗೆ ಕಚ್ಚಲಿಲ್ಲ, ಮರಿ ತಿನ್ನಲು ಬಂದಿದೆ ಅಂತ ಓಡಿಸಲು ಬಂತು. ಕಾಯುವ ಮೀನು ಹೋದರೆ ಆ ನೂರಾರು ಮರಿ ಸಂಜೆಯೊಳಗೆ ಬೇರೆ ಮೀನಿನ, ಹಕ್ಕಿಯ ಪಾಲು. ಇನ್ನೊಮ್ಮೆ ಕೆಂಪು ಗುಂಪು ಕಂಡರೆ ನೋಡುತ್ತಾ ಕೂರಿ. ಮರಿಗಳು ಉಸಿರಿಗೆ ಮೇಲೆ ಬಂದು ಹೋಗುವುದನ್ನು, ನಡುನಡುವೆ ದೊಡ್ಡದು ಒಮ್ಮೆ ಮೇಲೆ ಬಂದು ಗುಳಕ್ ಅಂತ ಗಾಳಿ ನುಂಗಿ ಇಳಿಯುವುದನ್ನು ನೋಡುವುದಕ್ಕೆ ಒಂದು ಬೆಳಗು ಸಾಲದು.

ನಮ್ಮ ಬಡಾವಣೆಯ ಪಕ್ಕದ ಕೆರೆಯಲ್ಲಿ ಮೊದಲ ಮಳೆ ಬಂದ ಮರುದಿನ ಮೀನೆಲ್ಲ ಸತ್ತು ತೇಲಿದವು. ಯಾರೋ ವಿಷ ಹಾಕಿದ್ದಾರೆ ಅಂತ ಸುದ್ದಿ. ಕೆಲವರು ಅದನ್ನೇ ಆರಿಸಿ ಮಾರಿದರು. ಆ ಕೆರೆಯಲ್ಲಿ ಗಾಳ ಹಾಕಿ ತಿನ್ನಬಹುದಾ?
– ಧಾರವಾಡ

ವಿಷವೇ ಇರಬೇಕು ಅಂತಿಲ್ಲ. ಬೇಸಿಗೆ ಪೂರ್ತಿ ಕೆರೆಯ ತಳದಲ್ಲಿ ಕೊಳಚೆ ಕೂತಿರುತ್ತದೆ. ಜೋರು ಮಳೆ ಬಂದಾಗ ಚರಂಡಿಯ ಕೊಳೆಯೂ ಒಳಗೆ ನುಗ್ಗುತ್ತದೆ, ತಳದ ಕೊಳೆಯೂ ಮೇಲೆ ಏಳುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಮೋಡ ಇದ್ದರೆ ಪಾಚಿಯೂ ಹಗಲು ಆಮ್ಲಜನಕ ಬಿಡುವುದು ಕಡಿಮೆ. ನಸುಕಿನ ಹೊತ್ತಿಗೆ ನೀರಲ್ಲಿ ಉಸಿರಾಟಕ್ಕೆ ಏನೂ ಉಳಿದಿರುವುದಿಲ್ಲ. ಸಾಯುವ ಮುಂಚೆ ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತವೆ. ಬೆಳಗ್ಗೆ ವಾಕಿಂಗಿಗೆ ಹೋಗುವವರು ಇದನ್ನು ಕಂಡರೆ ತಕ್ಷಣ ಮೀನುಗಾರಿಕೆ ಇಲಾಖೆಗೂ ಪಾಲಿಕೆಗೂ ತಿಳಿಸಿ, ಆಗ ಇನ್ನೂ ಸ್ವಲ್ಪ ಸಮಯ ಇರುತ್ತದೆ.

ಸತ್ತು ತೇಲಿದ ಮೀನು ತಿನ್ನಬಾರದು, ಮಾರುವುದಂತೂ ಅನ್ಯಾಯ. ಚರಂಡಿ ನೀರು ಸೇರುವ ಕೆರೆಯ ಮೀನು ಜೀವಂತ ಹಿಡಿದರೂ ನಾನು ತಿನ್ನುವುದಿಲ್ಲ, ನಿಮಗೂ ಬೇಡ ಅನ್ನುತ್ತೇನೆ. ಬೇಯಿಸಿದರೆ ರೋಗಾಣು ಸಾಯಬಹುದು, ಮೈಯಲ್ಲಿ ಸೇರಿದ ಸೀಸ, ಪಾದರಸದಂಥ ಲೋಹ ಹೋಗುವುದಿಲ್ಲ.

ಮಲಪ್ರಭೆಯಲ್ಲಿ ಮೀಸೆ ಇರುವ ಕಪ್ಪು ದೊಡ್ಡ ಮೀನು ಸಿಗುತ್ತಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಅಂತಾರೆ. ವಾಪಸ್ ಬಿಡಬೇಕಾ?
– ನರಗುಂದ

ಇದೊಂದನ್ನು ಮಾತ್ರ ಬಿಡಬೇಡಿ. ಆ ಮೀನು ಸಾಕುವುದನ್ನು ಕೇಂದ್ರ ಸರ್ಕಾರ 2000ನೇ ಇಸವಿಯಲ್ಲೇ ನಿಷೇಧಿಸಿದೆ. ಕದ್ದು ಸಾಕಿದ ಹೊಂಡಗಳಿಂದ ಮಳೆಗಾಲದಲ್ಲಿ ತಪ್ಪಿಸಿಕೊಂಡು ಹೊಳೆ ಸೇರುತ್ತದೆ. ಗಾಳಿಯಲ್ಲೂ ಉಸಿರಾಡುತ್ತದೆ, ಸಿಕ್ಕಿದ್ದೆಲ್ಲ ತಿನ್ನುತ್ತದೆ, ನಮ್ಮ ಮೀನಿನ ಮರಿಗಳನ್ನೂ ಸೇರಿಸಿ. ಆದರೆ ಮೀಸೆ ಇರುವುದೆಲ್ಲ ಅದೇ ಅಲ್ಲ, ನಮ್ಮದೇ ಮೀಸೆ ಮೀನುಗಳು ಎಷ್ಟೋ ಇವೆ. ತಿಳಿದ ಮೀನುಗಾರರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಹಿಡಿದು ವಾಪಸ್ ಬಿಡುವುದಕ್ಕೆ ಸರಿಯಾದ ಕ್ರಮ ಇದೆಯಾ? ನಾನು ಬಿಟ್ಟ ಮೀನು ಸ್ವಲ್ಪ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲಿತು. ತುಂಬಾ ಬೇಜಾರಾಯಿತು.
– ಲಕ್ಷ್ಮೇಶ್ವರ

ಬೇಜಾರಾಗುವುದೇ. ಹೆಚ್ಚಿನ ಸಲ ತಪ್ಪು ಆಗುವುದು ಫೋಟೊ ತೆಗೆಯುವಾಗ. ಒಣ ಕೈಯಲ್ಲಿ ಹಿಡಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ, ಆ ಲೋಳೆಯೇ ಅದಕ್ಕೆ ರಕ್ಷಣೆ. ಕೈ ಒದ್ದೆ ಮಾಡಿಕೊಳ್ಳಿ. ಕಿವಿರಿಗೆ ಬೆರಳು ಹಾಕಬೇಡಿ, ಬಿಸಿ ಕಲ್ಲಿನ ಮೇಲೆ ಇಡಬೇಡಿ. ಗಾಳವನ್ನು ನೀರಲ್ಲೇ ಬಿಡಿಸಿ. ಗಂಟಲೊಳಗೆ ನುಂಗಿದ್ದರೆ ಕೀಳಬೇಡಿ, ದಾರವನ್ನು ಬಾಯಿ ಹತ್ತಿರ ಕತ್ತರಿಸಿ. ಬಿಡುವಾಗ ಎಸೆಯಬಾರದು. ಹೊಟ್ಟೆಯ ಕೆಳಗೆ ಕೈಯಿಟ್ಟು, ಮುಖ ಹರಿವಿಗೆ ಎದುರಾಗಿ ಹಿಡಿದುಕೊಳ್ಳಿ, ಬಾಯಿಂದ ನೀರು ಹೋಗಿ ಕಿವಿರಿನಿಂದ ಹೊರಬರಲಿ. ಬಾಲ ಬಡಿದು ತಾನೇ ಕೈಯಿಂದ ಜಾರಿ ಹೋಗುತ್ತದೆ. ಆ ಜಾರುವಿಕೆ ಅಂಗೈಗೆ ಗೊತ್ತಾಗುತ್ತದೆ.

ಹೊಳೆ ಮೀನಿಗೆ ಕೆಸರು ವಾಸನೆ ಅಂತ ಮನೆಯಲ್ಲಿ ಯಾರೂ ತಿನ್ನಲ್ಲ. ಏನು ಮಾಡಲಿ?
– ಬ್ಯಾಡಗಿ

ಚರ್ಮದ ಹತ್ತಿರದ ಕೊಬ್ಬಿನಲ್ಲಿ ಆ ವಾಸನೆ ಕೂತಿರುತ್ತದೆ. ಹುಳಿಗೆ ಅದು ಬಿಡುತ್ತದೆ. ತುಂಡುಗಳನ್ನು ಉಪ್ಪು ಹಾಕಿ ತಿಕ್ಕಿ ತೊಳೆದು, ಹುಣಸೆ ರಸದಲ್ಲೋ ಲಿಂಬೆ ಹಿಂಡಿದ ನೀರಲ್ಲೋ ಅರ್ಧ ಗಂಟೆ ಇಡಿ, ಹೊಟ್ಟೆಯೊಳಗಿನ ಕಪ್ಪು ಪೊರೆ ಪೂರ್ತಿ ಕೆರೆದು ತೆಗೆಯಿರಿ. ಖಾರದ ಬಗ್ಗೆ ಬ್ಯಾಡಗಿಯವರಿಗೆ ನಾನೇನು ಹೇಳಲಿ. ಮೆಣಸಿನಕಾಯಿ ಬಿಸಿ ನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ ಹಚ್ಚಿ, ಶೇಂಗಾ ಎಣ್ಣೆಯಲ್ಲಿ ಕರಿಯಿರಿ. ಬಿಸಿ ಜೋಳದ ರೊಟ್ಟಿ ಇದ್ದರೆ ಸಾಕು. ಸಣ್ಣ ಗೆಂಡೆಗೆ ಮುಳ್ಳು ಜಾಸ್ತಿ. ಎರಡೂ ಬದಿಗೆ ಹತ್ತಿರ ಹತ್ತಿರ ಗೀರು ಹಾಕಿ ಕರಿದರೆ ಮುಳ್ಳು ಕುರುಕಲಾಗುತ್ತದೆ.

ಗಾಳದ ದಾರ ಸಿಕ್ಕಿಕೊಂಡರೆ ಕತ್ತರಿಸಿ ಬಿಟ್ಟು ಬರುವುದು ತಪ್ಪಾ? ಮತ್ತೆ ಮಾಗಡಿ ಕೆರೆಯಲ್ಲಿ ಗಾಳ ಹಾಕಬಹುದಾ?
– ಶಿರಹಟ್ಟಿ

ಮಾಗಡಿ ಕೆರೆಯಲ್ಲಿ ಬೇಡವೇ ಬೇಡ. ಅದು ಹಕ್ಕಿಗಳಿಗೆ ಮೀಸಲು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯುವ ಜಾಗ, 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ನೈಲಾನ್ ದಾರ ಎಷ್ಟೋ ವರ್ಷ ಕರಗದೆ ಹಾಗೇ ಇರುತ್ತದೆ. 'ಹೇಗೂ ಕಾಣುವುದಿಲ್ಲ' ಅಂತ ನೀವು ಬರೆದಿದ್ದೀರಿ, ಹಕ್ಕಿಗೂ ಅದು ಕಾಣುವುದಿಲ್ಲ. ವರದೆಯ ದಂಡೆಯಲ್ಲಿ ಒಂದು ಬೆಳ್ಳಕ್ಕಿಯ ಕಾಲಿಗೆ ಸುತ್ತಿದ ದಾರವನ್ನು ನಾನು ಬ್ಲೇಡಿನಿಂದ ಬಿಡಿಸಿದ್ದೇನೆ, ಒಂದು ಬೆರಳು ಆಗಲೇ ಕಪ್ಪಾಗಿತ್ತು. ಎಷ್ಟಾಗುತ್ತದೋ ಅಷ್ಟು ದಾರ ಎಳೆದು ತೆಗೆದು ಮನೆಗೆ ತನ್ನಿ.

ನನಗೆ 70 ದಾಟಿದೆ. ಹಳೇ ಬಿದಿರಿನ ಗಳ ಇದೆ, ಅದಕ್ಕೆ ಅಂಗಡಿಯ ಪ್ಲಾಸ್ಟಿಕ್ ಬೆಂಡು ಹೊಂದುತ್ತಿಲ್ಲ. ಮೊದಲು ನಾವೇ ಮಾಡಿಕೊಳ್ಳುತ್ತಿದ್ದೆವು, ಈಗ ಮರೆತಿದ್ದೇನೆ. ನೆನಪು ಮಾಡಿಕೊಡಿ.
– ಗಳಗನಾಥ

ಹಿರಿಯರೇ, ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಸುಗ್ಗಿ ಮುಗಿದ ಹೊಲದಿಂದ ಪೂರ್ತಿ ಒಣಗಿದ ಜೋಳದ ದಂಟು ತನ್ನಿ, ಹೆಬ್ಬೆರಳಿನ ದಪ್ಪದ್ದು. ಎರಡು ಗಣ್ಣಿನ ನಡುವಿನ ಒಂದು ಗೇಣು ತುಂಡು ಸಾಕು. ಸಿಪ್ಪೆಯನ್ನು ಉಗುರಿನಿಂದಲೇ ಪಟ್ಟಿ ಪಟ್ಟಿಯಾಗಿ ಸುಲಿಯಿರಿ, ಒಳಗಿನ ಬೆಳ್ಳನೆಯ ಬೆಂಡು ಮುರಿಯದ ಹಾಗೆ. ಹುಡುಗರಾಗಿದ್ದಾಗ ಇದರಲ್ಲೇ ಬಂಡಿ ಮಾಡುತ್ತಿದ್ದೆವು, ನಿಮಗೂ ನೆನಪಿರಬೇಕು. ಮೂರು ಬೆರಳು ಉದ್ದಕ್ಕೆ ಕತ್ತರಿಸಿ, ಸುಲಿದ ಸಿಪ್ಪೆಯ ಕಡ್ಡಿಯನ್ನೇ ನಡುವೆ ಚುಚ್ಚಿ ಎರಡೂ ಕಡೆ ಸ್ವಲ್ಪ ಹೊರಗಿರಲಿ. ಕರಗಿಸಿದ ಮೇಣದಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಒಂದು ಗಂಟೆಗೆ ನೀರು ಕುಡಿದು ಭಾರವಾಗುತ್ತದೆ. ಕಣ್ಣಿಗೆ ಕಾಣಲು ತುದಿಗೆ ಕುಂಕುಮವನ್ನು ಅದೇ ಮೇಣದಲ್ಲಿ ಕಲಸಿ ಹಚ್ಚಿ. ದಾರವನ್ನು ಕಡ್ಡಿಯ ಕೆಳತುದಿಗೆ ಎರಡು ಸುತ್ತು ಹಾಕಿ, ಸೀಸ ತೀರಾ ಸಣ್ಣದಿರಲಿ. ನೀರಿಗೆ ಬಿಟ್ಟಾಗ ಕೆಂಪು ತುದಿ ಒಂದು ಬೆರಳಿನಷ್ಟು ಮಾತ್ರ ಮೇಲೆ ನಿಲ್ಲಬೇಕು.